ಗಿಡ್ಡ ಮೈ, ಮೀರಿದ ತೂಕ: ಶಾಲಾ ಮಕ್ಕಳಲ್ಲಿ ಜೋಡಿ ಅಪೌಷ್ಟಿಕತೆ

ವಯಸ್ಸಿಗೆ ತಕ್ಕ ಎತ್ತರವಿಲ್ಲದಿದ್ದರೆ ಅದು ಕುಂಠಿತ ಬೆಳವಣಿಗೆ. ಎತ್ತರಕ್ಕೆ ಮೀರಿದ ತೂಕವಿದ್ದರೆ ಅದು ಬೊಜ್ಜು. ಮೊದಲನೆಯದು ಬಡವರ ಮನೆಯದು, ಎರಡನೆಯದು ಉಳ್ಳವರ ಮನೆಯದು ಎಂದು ಬಹುಕಾಲ ನಂಬಿಕೊಂಡು ಬಂದಿದ್ದೇವೆ. ಆದರೆ ಇವೆರಡೂ ಒಂದೇ ಊರಿನಲ್ಲಿ, ಒಂದೇ ಮನೆಯಲ್ಲಿ, ಕೊನೆಗೆ ಒಂದೇ ಮಗುವಿನ ಮೈಯಲ್ಲಿ ಕೂಡಿ ಇರಬಲ್ಲವು. ಹಾಗೆ ಕೂಡಿದಾಗ ಒಂದು ಇನ್ನೊಂದನ್ನು ಮುಚ್ಚಿಬಿಡುತ್ತದೆ. ದಪ್ಪಗಿರುವ ಮಗುವಿಗೆ ಪೋಷಣೆ ಕಡಿಮೆಯಾಗಿದೆ ಎಂದು ಯಾರಿಗೂ ಅನ್ನಿಸುವುದಿಲ್ಲ. "ಹುಡುಗ ಮೈಕೈ ತುಂಬಿಕೊಂಡಾನ" ಎಂದು ಮನೆಯವರು ಖುಷಿಪಡುತ್ತಾರೆ. ಗಿಡ್ಡಗಿರುವುದಕ್ಕೆ "ನಮ್ಮ ಮನಿತನಾನ ಗಿಡ್ಡ" ಎಂಬ ಉತ್ತರ ಮೊದಲೇ ಸಿದ್ಧವಿರುತ್ತದೆ.

ವಿಜಯಪುರ ನಗರ, ತಿಕೋಟಾ ಮತ್ತು ಬಬಲೇಶ್ವರ ಭಾಗದಲ್ಲಿ ಈ ವಿಷಯಕ್ಕೆ ವಿಶೇಷ ಮಹತ್ವವಿದೆ. ತಲೆಮಾರುಗಳ ಕಾಲ ಬರ ಕಂಡ ನೆಲವಿದು. 1876–78ರ ಭೀಕರ ಬರದಲ್ಲಿ ಅಂದಿನ ಕಲಾದಗಿ ಜಿಲ್ಲೆಗೆ ಸೇರಿದ್ದ ಈ ಪ್ರದೇಶ ಅಪಾರ ಜನರನ್ನು ಕಳೆದುಕೊಂಡಿತು. ಈಗ ಮುಳವಾಡ ಮತ್ತು ತುಬಚಿ-ಬಬಲೇಶ್ವರ ಏತ ನೀರಾವರಿ ಯೋಜನೆಗಳಿಂದ ಕೃಷ್ಣೆಯ ನೀರು ಮೇಲೇರಿ ಬಂದಿದೆ. ತಿಕೋಟಾ ಸುತ್ತ ದ್ರಾಕ್ಷಿ ಪಡಗಳೂ ಒಣದ್ರಾಕ್ಷಿಯ ಶೆಡ್ಡುಗಳೂ ಹಬ್ಬಿವೆ. ಕೈಯಲ್ಲಿ ರೊಕ್ಕ ಓಡಾಡುತ್ತಿದೆ, ಊಟದ ತಾಟು ಬದಲಾಗಿದೆ. ಹಸಿವಿನ ಕಾಲದಿಂದ ಕ್ಯಾಲೊರಿಯ ಕಾಲಕ್ಕೆ ಸಮಾಜವೊಂದು ಬೇಗ ದಾಟುವಾಗಲೇ ಈ ಜೋಡಿ ತೊಂದರೆ ಹುಟ್ಟುತ್ತದೆ ಎಂಬುದು ಜಗತ್ತಿನ ಬೇರೆ ಬೇರೆ ಕಡೆ ಕಂಡ ಮಾತು.

ಅಳೆಯುವುದು ಹೇಗೆ

5ರಿಂದ 19 ವರ್ಷದ ಮಕ್ಕಳಿಗೆ ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಬೆಳವಣಿಗೆಯ ಮಾನದಂಡವನ್ನು ಪ್ರಕಟಿಸಿತು. ಅದೇ ವಯಸ್ಸಿನ, ಅದೇ ಲಿಂಗದ ಮಕ್ಕಳ ಮಧ್ಯದ ಎತ್ತರಕ್ಕಿಂತ ಎರಡು ಪ್ರಮಾಣಿತ ವಿಚಲನೆಗಳಷ್ಟು ಕೆಳಗಿದ್ದರೆ ಆ ಮಗುವಿನ ಬೆಳವಣಿಗೆ ಕುಂಠಿತ. ತೂಕಕ್ಕೆ ಬಿಎಂಐ ನೋಡುತ್ತಾರೆ: ಕಿಲೋಗ್ರಾಂನಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದರೆ ಸಿಗುವ ಅಂಕಿ. ದೊಡ್ಡವರಿಗೆ ಇರುವಂತೆ ಮಕ್ಕಳಿಗೆ ಒಂದೇ ಗೆರೆ ಇಲ್ಲ, ವಯಸ್ಸಿನೊಂದಿಗೆ ಗೆರೆ ಮೇಲೇರುತ್ತದೆ. ಮಧ್ಯದ ಬಿಎಂಐಗಿಂತ ಒಂದು ವಿಚಲನೆ ಮೇಲಾದರೆ ಅಧಿಕ ತೂಕ, ಎರಡು ಮೇಲಾದರೆ ಬೊಜ್ಜು. ಭಾರತೀಯ ಮಕ್ಕಳ ತಜ್ಞರ ಸಂಘ 2015ರಲ್ಲಿ ನಮ್ಮ ಮಕ್ಕಳಿಗೆಂದೇ ಹೊಂದಿಸಿದ ತಖ್ತೆಗಳನ್ನು ಕೊಟ್ಟಿದೆ. ನಮ್ಮವರಿಗೆ ಕಡಿಮೆ ತೂಕದಲ್ಲೇ ಸಕ್ಕರೆ ಕಾಯಿಲೆ ಅಂಟಿಕೊಳ್ಳುವುದರಿಂದ ಬೊಜ್ಜಿನ ಗೆರೆಯನ್ನು ಅಲ್ಲಿ ಇನ್ನಷ್ಟು ಕೆಳಗೆ ಎಳೆದಿದ್ದಾರೆ.

ಲೆಕ್ಕ ಹಾಕಿ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡದಲ್ಲಿ ಹತ್ತು ವರ್ಷ ತುಂಬಿದ ಗಂಡು ಮಗುವಿನ ಮಧ್ಯದ ಎತ್ತರ ಸುಮಾರು 138 ಸೆಂ.ಮೀ., ಮಧ್ಯದ ತೂಕ ಸುಮಾರು 31 ಕಿಲೋ. ಎತ್ತರ 125 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಕುಂಠಿತ, ಬಿಎಂಐ 21.4 ದಾಟಿದರೆ ಬೊಜ್ಜು. ಈಗ 123 ಸೆಂ.ಮೀ. ಎತ್ತರ, 33 ಕಿಲೋ ತೂಕದ ಒಬ್ಬ ಹುಡುಗನನ್ನು ತೆಗೆದುಕೊಳ್ಳಿ. ತೂಕದ ಯಂತ್ರ ಮಾತ್ರ ನೋಡಿದರೆ ಎಲ್ಲ ಸರಿಯಾಗಿದೆ. ತನ್ನ ವಯಸ್ಸಿನ ಮಧ್ಯದ ತೂಕಕ್ಕಿಂತ ಅವನು ಎರಡೇ ಕಿಲೋ ಮುಂದಿದ್ದಾನೆ. ಎತ್ತರವನ್ನೂ ಸೇರಿಸಿದಾಗ ಬಿಎಂಐ 21.8 ಬರುತ್ತದೆ. ಅಂದರೆ ಅವನು ಕುಂಠಿತನೂ ಹೌದು, ಬೊಜ್ಜಿನವನೂ ಹೌದು. ತೂಕವನ್ನಷ್ಟೇ ಬರೆದುಕೊಳ್ಳುವ ರಜಿಸ್ಟರಿನಲ್ಲಿ ಈ ಮಗು "ಸಾಮಾನ್ಯ" ಎಂಬ ಖಾನೆಯಲ್ಲಿ ಕುಳಿತಿರುತ್ತದೆ. ಜೋಡಿ ಅಪೌಷ್ಟಿಕತೆಯ ಅತಿ ದೊಡ್ಡ ಅಪಾಯ ಇದೇ. ನಮ್ಮ ಅಳತೆಯ ಪದ್ಧತಿಯೇ ಈ ಮಗುವನ್ನು ಬಿಟ್ಟುಬಿಡುತ್ತದೆ.

ಇನ್ನೊಂದು ಸರಳ ಅಳತೆ ಮನೆಯಲ್ಲೇ ಸಾಧ್ಯ. ಆರು ವರ್ಷ ದಾಟಿದ ಮಗುವಿನ ಸೊಂಟದ ಸುತ್ತಳತೆ ಅದರ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕು. ಒಂದು ದಾರದಿಂದ ಎತ್ತರ ಅಳೆದು, ಅದನ್ನು ಎರಡಾಗಿ ಮಡಚಿ ಸೊಂಟಕ್ಕೆ ಸುತ್ತಿ. ದಾರದ ತುದಿಗಳು ಕೂಡದಿದ್ದರೆ ಹೊಟ್ಟೆಯ ಸುತ್ತ ಕೊಬ್ಬು ಸೇರುತ್ತಿದೆ ಎಂದೇ ಅರ್ಥ.

ಬಸಿರಿನಲ್ಲೇ ಮೊದಲಾಗುವ ಕಥೆ

ಜೋಡಿ ಅಪೌಷ್ಟಿಕತೆಯ ಬೇರುಗಳನ್ನು ಹುಡುಕುವಲ್ಲಿ ಕರ್ನಾಟಕದ ಪಾಲು ದೊಡ್ಡದು. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ದಾಖಲಿಸಿಟ್ಟಿದ್ದರು. 1934ರಿಂದ 1954ರೊಳಗೆ ಅಲ್ಲಿ ಹುಟ್ಟಿ ನಡುವಯಸ್ಸಿಗೆ ಬಂದ 517 ಮಂದಿಯನ್ನು ಸಂಶೋಧಕರು ಹುಡುಕಿ ಪರೀಕ್ಷಿಸಿದರು. ಹುಟ್ಟುವಾಗ ಸಣ್ಣಗಿದ್ದವರಲ್ಲಿ ಹೃದ್ರೋಗ ಹೆಚ್ಚು ಎಂದು 1996ರಲ್ಲಿ ಪ್ರಕಟಿಸಿದರು. ಮುಂದೆ 1997–98ರಲ್ಲಿ ಅದೇ ಆಸ್ಪತ್ರೆಯಲ್ಲಿ ಹುಟ್ಟಿದ ಮಕ್ಕಳನ್ನು ವರ್ಷಾನುಗಟ್ಟಲೆ ಹಿಂಬಾಲಿಸಿದ 'ಪಾರ್ಥೆನಾನ್' ಅಧ್ಯಯನ ಇನ್ನೊಂದು ವಿಚಿತ್ರವನ್ನು ತೋರಿಸಿತು. ನಮ್ಮ ಕೂಸುಗಳು ಬಿಳಿಯರ ಕೂಸುಗಳಿಗಿಂತ ಹಗುರ, ಮಾಂಸಖಂಡವೂ ಕಡಿಮೆ. ಆದರೆ ಬೆನ್ನಿನ ಚರ್ಮದಡಿಯ ಕೊಬ್ಬು ಮಾತ್ರ ಹಾಗೆ ಕಡಿಮೆಯಾಗಿರಲಿಲ್ಲ.

ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಸಂಗಡಿಗರು ಇದನ್ನೇ ಹಳ್ಳಿಗಳಲ್ಲಿ ಕಂಡು 'ತೆಳು-ದಪ್ಪ ಶಿಶು' ಎಂದು ಕರೆದರು. ಪುಣೆ ಸುತ್ತಲಿನ ಹಳ್ಳಿಗಳ ಕೂಸಿನ ಸರಾಸರಿ ತೂಕ 2.7 ಕಿಲೋ, ಇಂಗ್ಲೆಂಡಿನ ಸೌತಾಂಪ್ಟನ್ ಕೂಸಿನದು 3.5 ಕಿಲೋ. ಇಷ್ಟು ಅಂತರವಿದ್ದರೂ ಕೊಬ್ಬಿನ ವ್ಯತ್ಯಾಸ ಅಷ್ಟಿರಲಿಲ್ಲ. ಬಸಿರಿಯ ಊಟ ಸಾಲದಾದಾಗ ಗರ್ಭದ ಕೂಸು ಮೊದಲು ಮಿದುಳನ್ನು ಉಳಿಸಿಕೊಳ್ಳುತ್ತದೆ, ಕೊಬ್ಬನ್ನು ಕೂಡಿಟ್ಟುಕೊಳ್ಳುತ್ತದೆ, ಸ್ನಾಯು ಮತ್ತು ಎಲುಬನ್ನು ಬಿಟ್ಟುಕೊಡುತ್ತದೆ. ಬರದ ನಾಡಿನಲ್ಲಿ ಬದುಕಲು ಈ ಹೊಂದಾಣಿಕೆ ನೆರವಾಗುತ್ತದೆ. ಎಣ್ಣೆ-ಸಕ್ಕರೆ ಸುಲಭವಾಗಿ ಸಿಗುವ ನಾಡಿನಲ್ಲಿ ಅದೇ ಮುಳುವಾಗುತ್ತದೆ. 1944–45ರ ಚಳಿಗಾಲದಲ್ಲಿ ಹಸಿದ ಹಾಲೆಂಡಿನಲ್ಲೂ ಇಂಥದೇ ಸಾಕ್ಷಿ ಸಿಕ್ಕಿತು. ಗರ್ಭದ ಮೊದಲರ್ಧದಲ್ಲಿ ಆ ಬರಕ್ಕೆ ಸಿಕ್ಕ ಗಂಡುಮಕ್ಕಳು 19ರ ವಯಸ್ಸಿಗೆ ಬಂದಾಗ ಅವರಲ್ಲಿ ಬೊಜ್ಜು ಹೆಚ್ಚಾಗಿತ್ತು.

ಹುಟ್ಟಿದ ಮೇಲಿನ ಎರಡು ವರ್ಷಗಳಲ್ಲಿ ಎತ್ತರದ ನಷ್ಟ ಗಟ್ಟಿಯಾಗುತ್ತದೆ. ಆರು ತಿಂಗಳ ಮೇಲೆ ಕೂಸಿಗೆ ಬೇಳೆಯ ನೀರು, ಚಹಾದಲ್ಲಿ ಅದ್ದಿದ ಬಿಸ್ಕತ್ತು ಕೊಟ್ಟು ಸಾಗಿಸುವುದು, ಮೇಲಿಂದ ಮೇಲೆ ಬರುವ ಭೇದಿ, ಕೊಳಕು ನೀರಿನಿಂದ ಕರುಳಿನ ಒಳಪದರು ಕೆಟ್ಟು ತಿಂದದ್ದೂ ಮೈಗೆ ಹತ್ತದಿರುವುದು ಇದಕ್ಕೆ ಕಾರಣ. ಎಲುಬು ಬೆಳೆಯಲು ಒಳ್ಳೆಯ ಪ್ರೋಟೀನು, ಸತು, ಸುಣ್ಣದಂಶ ಬೇಕು. ಕೊಬ್ಬು ಸೇರಲು ಬರೀ ಕ್ಯಾಲೊರಿ ಸಾಕು. ಎರಡು ವರ್ಷದ ಮೇಲೆ ಮಗುವಿಗೆ ಕ್ಯಾಲೊರಿ ಮಾತ್ರ ಧಾರಾಳವಾಗಿ ಸಿಕ್ಕರೆ ತೂಕ ಏರುತ್ತದೆ, ಎತ್ತರ ಹಿಂದೆಯೇ ಉಳಿಯುತ್ತದೆ. ದೆಹಲಿಯಲ್ಲಿ ಹುಟ್ಟಿನಿಂದ ಹಿಂಬಾಲಿಸಿದ 1,492 ಮಂದಿಯ ಅಧ್ಯಯನ 2004ರಲ್ಲಿ ಹೊರಬಂದಾಗ ಇದರ ಪರಿಣಾಮ ಕಂಡಿತು. ಎರಡು ವರ್ಷದವರೆಗೆ ತೆಳ್ಳಗಿದ್ದು, ಆಮೇಲೆ ಬಿಎಂಐ ಸರಸರ ಏರಿದವರಲ್ಲೇ ತಾರುಣ್ಯದಲ್ಲಿ ಸಕ್ಕರೆ ಕಾಯಿಲೆಯ ಲಕ್ಷಣಗಳು ಹೆಚ್ಚಾಗಿ ಬಂದವು. ಹನ್ನೆರಡರ ವಯಸ್ಸಿನಲ್ಲಿ ಅವರಲ್ಲಿ ಯಾರೂ ಬೊಜ್ಜಿನವರಾಗಿರಲಿಲ್ಲ ಎಂಬುದನ್ನು ವಿಶೇಷವಾಗಿ ಗಮನಿಸಬೇಕು.

ಬ್ರೆಜಿಲ್‌ನ ಸಾವೊ ಪಾವ್ಲೊ ಕೊಳೆಗೇರಿಗಳಲ್ಲಿ 2000ದ ಹೊತ್ತಿಗೆ ನಡೆದ ಪ್ರಯೋಗ ಇನ್ನೂ ಒಳಗೆ ಹೋಗಿ ನೋಡಿತು. ಕುಂಠಿತ ಮಕ್ಕಳ ದೇಹ ಉಳಿದ ಮಕ್ಕಳ ದೇಹಕ್ಕಿಂತ ಕೊಬ್ಬನ್ನು ಕಡಿಮೆ ಉರಿಸುತ್ತಿತ್ತು. ತಿಂದ ಕೊಬ್ಬು ಖರ್ಚಾಗದೆ ಉಳಿಯುವ ಮೈ ಅದು. ಅದಕ್ಕೂ ಮೊದಲು, 1996ರಲ್ಲಿ, ಬ್ಯಾರಿ ಪಾಪ್ಕಿನ್ ಮತ್ತು ಸಂಗಡಿಗರು ರಷ್ಯಾ, ಬ್ರೆಜಿಲ್, ದಕ್ಷಿಣ ಆಫ್ರಿಕಾ, ಚೀನಾಗಳ ಮಕ್ಕಳ ಲೆಕ್ಕ ನೋಡಿದ್ದರು. ಕುಂಠಿತ ಮಗುವಿಗೆ ಅಧಿಕ ತೂಕ ಬರುವ ಸಾಧ್ಯತೆ ಆಯಾ ದೇಶದಲ್ಲಿ 1.7ರಿಂದ 7.8 ಪಟ್ಟು ಹೆಚ್ಚು ಎಂದು ಅವರು ತೋರಿಸಿದರು.

ಜೋಳದ ಸೀಮೆಯ ತಾಟು

ವಿಜಯಪುರದ ಹಳೆಯ ಊಟ ಬಡವರದಾದರೂ ಬುದ್ಧಿವಂತರದು. ಡೋಣಿ ನದಿ ದಂಡೆಯ ಎರೆಯಲ್ಲಿ ಬೆಳೆದ ಬಿಳಿಜೋಳದ ರೊಟ್ಟಿ, ಚಳಿಗಾಲಕ್ಕೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಮಡಕಿಕಾಳು ಅಥವಾ ಹೆಸರುಕಾಳಿನ ಪಲ್ಯ, ಝುಣಕ, ಪುಂಡಿಪಲ್ಯ, ಹಸಿ ಮೆಂತ್ಯ, ಶೇಂಗಾ ಹಿಂಡಿ, ಗುರೆಳ್ಳು ಅಥವಾ ಅಗಸಿ ಹಿಂಡಿ, ಮೇಲೆ ಮೊಸರು. ಜೋಳದ ಪ್ರೋಟೀನಿನಲ್ಲಿ ಲೈಸೀನ್ ಎಂಬ ಅಮೈನೋ ಆಮ್ಲ ಕಡಿಮೆ, ಕಾಳುಗಳಲ್ಲಿ ಅದು ಹೆಚ್ಚು. ರೊಟ್ಟಿಯ ಜೊತೆ ಕಾಳುಪಲ್ಯ ಕೂಡಿದಾಗ ಕೊರತೆ ತುಂಬಿಕೊಳ್ಳುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಲೆಕ್ಕದಲ್ಲಿ 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರು, ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂಗೂ ಕಡಿಮೆ. ಕಬ್ಬಿಣಾಂಶ ಜೋಳದಲ್ಲಿ ಸುಮಾರು 4 ಮಿಲಿಗ್ರಾಂ, ಅಕ್ಕಿಯಲ್ಲಿ ಒಂದು ಮಿಲಿಗ್ರಾಂಗೂ ಕಡಿಮೆ.

ಈ ತಾಟು ಎರಡು ದಿಕ್ಕಿನಿಂದ ಸೊರಗಿದೆ. 2013ರ ಜುಲೈಯಲ್ಲಿ ಆರಂಭವಾದ ಅನ್ನಭಾಗ್ಯ ಹಸಿವನ್ನು ಹಿಂದೆ ಸರಿಸಿತು. ಅದನ್ನು ಹಗುರವಾಗಿ ಕಾಣುವವರು ಹಸಿವನ್ನು ನೋಡಿದವರಲ್ಲ. ಆದರೆ ಅಕ್ಕಿಯ ಜೊತೆ ಕಾಳು, ಪಲ್ಯ, ಹೈನು ಅಷ್ಟೇ ಅಗ್ಗವಾಗಿ ಮನೆಗೆ ಬರಲಿಲ್ಲ. ಹೊಲಕ್ಕೋ ಪಡಕ್ಕೋ ಕೂಲಿಗೆ ನಸುಕಿನಲ್ಲೇ ಹೊರಡುವ ತಾಯಿಗೆ ರೊಟ್ಟಿ ಬಡಿಯುವ ಹೊತ್ತೂ ಇಲ್ಲ, ಶಕ್ತಿಯೂ ಉಳಿದಿರುವುದಿಲ್ಲ. ಅನ್ನ-ಸಾರು ಬೇಗ ಆಗುತ್ತದೆ. ಮಗುವಿನ ಕೈಗೆ ಐದು ರೂಪಾಯಿ ಕೊಟ್ಟರೆ ಕಿರಾಣಿ ಅಂಗಡಿಯ ಕುರ್ಕುರೆ ಪಾಕೀಟು ಅದರ ಹೊಟ್ಟೆ ಸುಮ್ಮನಿರಿಸುತ್ತದೆ. ಇದು ತಾಯಿಯ ತಪ್ಪಲ್ಲ. ಅವಳ ಹೊತ್ತಿಗೆ ಬೆಲೆ ಕಟ್ಟದ ಸಮಾಜದ ತಪ್ಪು. ದುಡಿಮೆಗೆಂದು ಗೋವಾ, ಮಹಾರಾಷ್ಟ್ರಕ್ಕೆ ಗುಳೆ ಹೋಗುವ ತಾಂಡಾಗಳ ಕುಟುಂಬಗಳಲ್ಲಿ ಮಗುವಿನ ಊಟ ಇನ್ನೂ ಅಸ್ತವ್ಯಸ್ತ. ತಿಂಗಳುಗಟ್ಟಲೆ ಅಂಗನವಾಡಿಯೂ ಇಲ್ಲ, ಶಾಲೆಯೂ ಇಲ್ಲ.

ನಗರದಲ್ಲಿ ಬೇರೆ ರೂಪ. ಶಾಲೆಗೆ ವ್ಯಾನು, ಶಾಲೆ ಮುಗಿದರೆ ಟ್ಯೂಷನ್ನು, ಆಮೇಲೆ ಮೊಬೈಲು. ಚುರುಮರಿ, ಮಿರ್ಚಿಭಜಿ ವಾರಕ್ಕೊಮ್ಮೆಯ ಸಂಜೆಯ ಸುಖವಾಗಿದ್ದರೆ ಚಿಂತೆಯಿಲ್ಲ. ದಿನಾ ಸಕ್ಕರೆ ನೀರಿನ ಬಾಟಲಿ, ಎಣ್ಣೆಯ ಪಾಕೀಟು ಬಂದರೆ ಚಿಂತೆ ಪಡಬೇಕು. 5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಬೆವರು ಬರುವಂತೆ ಆಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಾಡಿಗೆ ಹೆಸರಾಂತ ಸೈಕ್ಲಿಂಗ್ ಪಟುಗಳನ್ನು ಕೊಟ್ಟ ಜಿಲ್ಲೆಯ ನಗರದಲ್ಲಿ ಮಕ್ಕಳು ನಿರ್ಭಯವಾಗಿ ಸೈಕಲ್ ತುಳಿಯುವ ರಸ್ತೆ ಸಿಗುವುದು ಕಷ್ಟವಾಗಿರುವುದು ದುಃಖದ ಸಂಗತಿ.

ಅಂಕಿಅಂಶ ಏನು ಹೇಳುತ್ತದೆ

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದರೊಳಗಿನ ಮಕ್ಕಳಲ್ಲಿ ಶೇ. 35.4ರಷ್ಟು ಕುಂಠಿತರು. ಅಂದು ಅಳತೆಗೆ ನಿಂತ ಮಕ್ಕಳೇ ಇಂದು ಶಾಲೆಯ ಬೆಂಚಿನಲ್ಲಿದ್ದಾರೆ. ಅದೇ ಸಮೀಕ್ಷೆಯಲ್ಲಿ ರಾಜ್ಯದ ಶೇ. 30.1ರಷ್ಟು ಮಹಿಳೆಯರು ಅಧಿಕ ತೂಕದವರು. ಹಿಂದಿನ ಸಮೀಕ್ಷೆಯಲ್ಲಿ ಆ ಅಂಕಿ 23.3 ಇತ್ತು. ದಪ್ಪ ತಾಯಿ, ಗಿಡ್ಡ ಮಗು ಒಂದೇ ಮನೆಯಲ್ಲಿ ಕಾಣುವುದು ಇದರಿಂದಲೇ. 2016–18ರ ಸಮಗ್ರ ರಾಷ್ಟ್ರೀಯ ಪೋಷಣಾ ಸಮೀಕ್ಷೆಯ ಪ್ರಕಾರ ದೇಶದ 5ರಿಂದ 9 ವರ್ಷದ ಮಕ್ಕಳಲ್ಲಿ ಶೇ. 22 ಕುಂಠಿತರು, ಶೇ. 23 ಕೃಶರು, ಶೇ. 4 ಅಧಿಕ ತೂಕದವರು. ಹತ್ತರಲ್ಲಿ ಒಬ್ಬರ ರಕ್ತದಲ್ಲಿ ಸಕ್ಕರೆ ಕಾಯಿಲೆಯ ಮುನ್ಸೂಚನೆ ಇತ್ತು. ಅಧಿಕ ತೂಕದವರು ಶೇ. 4 ಮಾತ್ರ, ಸಕ್ಕರೆ ಏರುತ್ತಿರುವವರು ಶೇ. 10 ಎಂಬುದೇ ಹೊರನೋಟದ ತೂಕವನ್ನು ನೆಚ್ಚಬಾರದೆಂಬುದಕ್ಕೆ ಸಾಕ್ಷಿ.

ಜಗತ್ತಿನಲ್ಲಿ ಐದರೊಳಗಿನ ಸುಮಾರು 82 ಲಕ್ಷ ಮಕ್ಕಳು ಏಕಕಾಲಕ್ಕೆ ಕುಂಠಿತರೂ ಅಧಿಕ ತೂಕದವರೂ ಆಗಿದ್ದಾರೆ ಎಂದು 2018ರ ಜಾಗತಿಕ ಪೋಷಣಾ ವರದಿ ಲೆಕ್ಕ ಹಾಕಿತ್ತು. ನಮ್ಮ ಜಿಲ್ಲೆಯಂಥ ಕಡೆ ಇಂದಿಗೂ ಗಿಡ್ಡ ಮಕ್ಕಳಲ್ಲಿ ಹೆಚ್ಚಿನವರು ದಪ್ಪಗಿರುವುದಿಲ್ಲ. ದಪ್ಪಗಿರುವ ಗಿಡ್ಡ ಮಕ್ಕಳು ಸಣ್ಣ ಪಾಲು, ಆ ಕಾರಣಕ್ಕೇ ಅವರು ಕಣ್ತಪ್ಪಿ ಹೋಗುವುದು.

ವೈದ್ಯರಿಗೆ ತೋರಿಸಲೇಬೇಕಾದ ಮಗು

ತಂದೆ-ತಾಯಿ ತಪ್ಪದೆ ತಿಳಿದಿರಬೇಕಾದ ಮಾತೊಂದಿದೆ. ಬರೀ ಹೆಚ್ಚು ತಿಂದು ದಪ್ಪವಾದ ಮಗು ಸಾಮಾನ್ಯವಾಗಿ ತನ್ನ ಓರಗೆಯವರಿಗಿಂತ ಎತ್ತರವಾಗಿಯೇ ಇರುತ್ತದೆ, ಬೇಗ ಪ್ರಾಯಕ್ಕೂ ಬರುತ್ತದೆ. ಮಗು ದಪ್ಪಗಿದ್ದು ಗಿಡ್ಡವೂ ಆಗಿದ್ದರೆ ಹಾರ್ಮೋನುಗಳ ತೊಂದರೆ ಇದೆಯೇ ಎಂದು ವೈದ್ಯರು ನೋಡಬೇಕು. ಥೈರಾಯ್ಡ್ ಕೊರತೆ, ಬೆಳವಣಿಗೆಯ ಹಾರ್ಮೋನಿನ ಕೊರತೆ, ಕಾರ್ಟಿಸಾಲ್ ಹೆಚ್ಚಳ, ಕೆಲವು ಜನ್ಮಜಾತ ಸ್ಥಿತಿಗಳು ಹೀಗೆಯೇ ಕಾಣುತ್ತವೆ. ಮೂತ್ರಪಿಂಡದ ತೊಂದರೆಗೋ ಉಬ್ಬಸಕ್ಕೋ ದೀರ್ಘಕಾಲ ಸ್ಟಿರಾಯ್ಡ್ ಔಷಧ ತೆಗೆದುಕೊಂಡ ಮಗುವಿನ ಮುಖ, ಹೊಟ್ಟೆ ಊದಿ ಎತ್ತರ ನಿಲ್ಲುವುದುಂಟು. ಹಾಗೆಂದು ಔಷಧವನ್ನು ತಾವಾಗಿಯೇ ನಿಲ್ಲಿಸಬಾರದು, ಅದು ಪ್ರಾಣಕ್ಕೇ ಅಪಾಯ.

ನಾಲ್ಕರಿಂದ ಪ್ರಾಯಕ್ಕೆ ಬರುವವರೆಗೆ ಮಗು ವರ್ಷಕ್ಕೆ 5–6 ಸೆಂ.ಮೀ. ಬೆಳೆಯುತ್ತದೆ. ವರ್ಷಕ್ಕೆ 4 ಸೆಂ.ಮೀ.ಗಿಂತ ಕಡಿಮೆ ಬೆಳೆದರೆ, ಜೊತೆಗೆ ಮಲಬದ್ಧತೆ, ಮಂಕುತನ, ಚಳಿ ತಾಳದಿರುವುದು, ಓದಿನಲ್ಲಿ ಹಠಾತ್ ಹಿಂದೆ ಬೀಳುವುದು ಕಂಡರೆ ತಡಮಾಡಬಾರದು. ಥೈರಾಯ್ಡ್ ಪರೀಕ್ಷೆ ಒಂದು ಸಾಮಾನ್ಯ ರಕ್ತಪರೀಕ್ಷೆ. ಕೊರತೆ ಸಿಕ್ಕರೆ ದಿನಕ್ಕೊಂದು ಅಗ್ಗದ ಮಾತ್ರೆಯಿಂದ ಬೆಳವಣಿಗೆ ಮರಳುತ್ತದೆ. ಪತ್ತೆಯಾಗದ ಥೈರಾಯ್ಡ್ ಕೊರತೆಗೆ "ಮನಿತನಾನ ಗಿಡ್ಡ" ಎಂದು ಹೆಸರಿಟ್ಟು ವರ್ಷಗಳನ್ನು ಕಳೆಯುವುದು ಮಗುವಿಗೆ ಮಾಡುವ ಅನ್ಯಾಯ.

ಹೆಣ್ಣುಮಕ್ಕಳ ವಿಷಯದಲ್ಲಿ ಕಾಲ ಇನ್ನೂ ಕಡಿಮೆ. ಮೈನೆರೆದ ಮೇಲೆ ಸಾಮಾನ್ಯವಾಗಿ 5–7 ಸೆಂ.ಮೀ. ಮಾತ್ರ ಬೆಳವಣಿಗೆ ಉಳಿದಿರುತ್ತದೆ. ಗಿಡ್ಡಗಿದ್ದು ದಪ್ಪಗಾದ ಹುಡುಗಿ ಮುಂದೆ ಬಸಿರಿಯಾದಾಗ ಕಷ್ಟದ ಹೆರಿಗೆ, ಏರಿದ ರಕ್ತದೊತ್ತಡ, ಬಸಿರಿನ ಸಕ್ಕರೆ ಕಾಯಿಲೆ ಎಲ್ಲಕ್ಕೂ ಹತ್ತಿರವಾಗುತ್ತಾಳೆ. ಅವಳ ಕೂಸಿನೊಂದಿಗೆ ಈ ಸುತ್ತು ಮತ್ತೆ ಮೊದಲಾಗುತ್ತದೆ. ಬಾಲ್ಯವಿವಾಹ ನಿಲ್ಲದ ಕಡೆ ಕುಂಠಿತ ಬೆಳವಣಿಗೆ ನಿಲ್ಲುವುದಿಲ್ಲ.

ಶಾಲೆಯ ಊಟ, ಹಾಲು, ಮೊಟ್ಟೆ

ಅಕ್ಷರ ದಾಸೋಹ 2002ರಲ್ಲಿ ಉತ್ತರದ ಏಳು ಜಿಲ್ಲೆಗಳಲ್ಲಿ ಮೊದಲಾದಾಗ ವಿಜಯಪುರವೂ ಅದರಲ್ಲಿತ್ತು. ಇಂದಿನ ನಿಯಮದಂತೆ ಕಿರಿಯ ಪ್ರಾಥಮಿಕ ಮಗುವಿಗೆ ಊಟದಲ್ಲಿ 450 ಕ್ಯಾಲೊರಿ, 12 ಗ್ರಾಂ ಪ್ರೋಟೀನು; ಹಿರಿಯ ಪ್ರಾಥಮಿಕಕ್ಕೆ 700 ಕ್ಯಾಲೊರಿ, 20 ಗ್ರಾಂ ಪ್ರೋಟೀನು ಸಿಗಬೇಕು. 2013ರ ಆಗಸ್ಟ್‌ನಿಂದ ಕ್ಷೀರಭಾಗ್ಯದ ಹಾಲು ಬಂತು: 18 ಗ್ರಾಂ ಹಾಲಿನ ಪುಡಿಯಿಂದ ಮಾಡಿದ 150 ಮಿಲಿಲೀಟರ್. 2021ರ ಡಿಸೆಂಬರ್‌ನಲ್ಲಿ ಅಪೌಷ್ಟಿಕತೆ ಹೆಚ್ಚಿರುವ ಏಳು ಜಿಲ್ಲೆಗಳ ಶಾಲೆಗಳಿಗೆ ಮೊಟ್ಟೆ ಕೊಡಲು ಸರ್ಕಾರ ನಿರ್ಧರಿಸಿದಾಗಲೂ ವಿಜಯಪುರ ಆ ಪಟ್ಟಿಯಲ್ಲಿತ್ತು. 2024ರ ಸೆಪ್ಟೆಂಬರ್‌ನಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ ವಾರಕ್ಕೆ ಆರು ದಿನ ಮೊಟ್ಟೆ ಎಂದಾಯಿತು. ಒಲ್ಲದವರಿಗೆ ಬಾಳೆಹಣ್ಣು.

ಗದಗದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದ ಅಧ್ಯಯನ, ಮೊಟ್ಟೆ ಸಿಕ್ಕ ಯಾದಗಿರಿಯ ಮಕ್ಕಳ ತೂಕ ಮತ್ತು ಬಿಎಂಐ ಮೊಟ್ಟೆ ಸಿಗದ ಗದಗದ ಮಕ್ಕಳಿಗಿಂತ ಹೆಚ್ಚು ಸುಧಾರಿಸಿದ್ದನ್ನು ಕಂಡುಕೊಂಡಿತು. ಕೃಶ ಮಕ್ಕಳೇ ಹೆಚ್ಚಿರುವ ಸೀಮೆಗೆ ಇದು ಒಳ್ಳೆಯ ಸುದ್ದಿ. ಮೊಟ್ಟೆಯ ಮೇಲೆ ಜಾತಿ-ಮತದ ಜಗಳ ತೆಗೆಯುವವರು ಮಗುವಿನ ಎಲುಬಿನ ಕಡೆ ಒಮ್ಮೆ ನೋಡಲಿ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಉತ್ತಮ ಪ್ರೋಟೀನು ಇದೆ. 7–9 ವರ್ಷದ ಮಗುವಿಗೆ ದಿನಕ್ಕೆ ಬೇಕಾದದ್ದು ಸುಮಾರು 23 ಗ್ರಾಂ. ಆದರೆ ಯೋಜನೆಯ ಯಶಸ್ಸನ್ನು ತೂಕದಿಂದ ಮಾತ್ರ ಅಳೆಯುವ ರೂಢಿ ಬದಲಾಗಬೇಕು. ವರ್ಷಕ್ಕೆ ಎಷ್ಟು ಸೆಂ.ಮೀ. ಬೆಳೆದರು ಎಂಬುದೇ ಮೊದಲ ಪ್ರಶ್ನೆಯಾಗಬೇಕು. ತಟ್ಟೆಯಲ್ಲಿ ಬೇಳೆ, ತರಕಾರಿ ತೆಳುವಾಗಿ ಅನ್ನವೇ ತುಂಬಿದರೆ ನಿಯಮದ ಕ್ಯಾಲೊರಿ ಮುಟ್ಟಿರುತ್ತದೆ, ಎತ್ತರ ಮುಟ್ಟಿರುವುದಿಲ್ಲ.

ಶಾಲೆಯ ಬಾಗಿಲ ಹೊರಗೂ ಕಾನೂನಿದೆ. ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿನಿಸನ್ನು ಶಾಲೆಯ ಗೇಟಿನಿಂದ 50 ಮೀಟರಿನೊಳಗೆ ಮಾರಬಾರದು ಎಂದು ಆಹಾರ ಸುರಕ್ಷತಾ ಪ್ರಾಧಿಕಾರ 2020ರಲ್ಲಿ ನಿಯಮ ಮಾಡಿತು.

ಊಟ ಕಡಿಮೆ ಮಾಡಬೇಡಿ, ಬದಲಿಸಿ

ದಪ್ಪಗಿದ್ದಾನೆಂದು ಗಿಡ್ಡ ಮಗುವನ್ನು ಉಪವಾಸ ಕೆಡವಿದರೆ ಉಳಿದ ಎತ್ತರವೂ ಹೋಗುತ್ತದೆ. ಗಿಡ್ಡಗಿದ್ದಾನೆಂದು ಪೌಷ್ಟಿಕ ಪುಡಿ ಕಲಸಿದ ಸಿಹಿ ಹಾಲು ಕುಡಿಸಿದರೆ ತೂಕ ಮಾತ್ರ ಏರುತ್ತದೆ. ಇಂಥ ಮಗುವಿಗೆ ಗುರಿ ತೂಕ ಇಳಿಸುವುದಲ್ಲ. ತೂಕ ಇದ್ದಲ್ಲೇ ನಿಂತು ಎತ್ತರ ಏರಿದರೆ ಬಿಎಂಐ ತಾನಾಗಿ ಇಳಿಯುತ್ತದೆ. ಅದಕ್ಕೆ ಬೇಕಾದದ್ದು ದೂರದಲ್ಲಿಲ್ಲ: ಅರ್ಧ ಅನ್ನದ ಜಾಗಕ್ಕೆ ರೊಟ್ಟಿ, ದಿನಾ ಒಂದು ಕಾಳುಪಲ್ಯ, ಒಂದು ತಪ್ಪಲಪಲ್ಯ, ಸಕ್ಕರೆ ಹಾಕದ ಹಾಲು ಅಥವಾ ಮೊಸರು, ತಿನ್ನುವವರಿಗೆ ಮೊಟ್ಟೆ. ಸಂಜೆಯ ಪಾಕೀಟಿನ ಬದಲು ಹುರಿದ ಶೇಂಗಾ, ಮೊಳಕೆಕಾಳು, ಕಾಲಕ್ಕೆ ಸಿಗುವ ಪೇರಲ. ಊಟದ ಜೊತೆ ಚಹಾ ಬೇಡ, ಅದು ಕಬ್ಬಿಣಾಂಶವನ್ನು ಮೈಗೆ ಹತ್ತಗೊಡುವುದಿಲ್ಲ. ಫೆಬ್ರವರಿ ಮತ್ತು ಆಗಸ್ಟ್‌ನಲ್ಲಿ ಶಾಲೆಯಲ್ಲಿ ಕೊಡುವ ಜಂತುಹುಳದ ಮಾತ್ರೆ ತಪ್ಪಿಸಬೇಡಿ. ಸಂಜೆ ಬಯಲಿನಲ್ಲಿ ಆಡಲು ಬಿಡಿ, ರಾತ್ರಿ ಹೊತ್ತಿಗೆ ಸರಿಯಾಗಿ ಮಲಗಿಸಿ. ಬೆಳವಣಿಗೆಯ ಹಾರ್ಮೋನು ಹೆಚ್ಚಾಗಿ ಸ್ರವಿಸುವುದು ಗಾಢ ನಿದ್ದೆಯಲ್ಲಿ.

ಗೋಡೆಯ ಮೇಲೊಂದು ಗೆರೆ

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೊಮ್ಮೆ ಸರ್ಕಾರಿ ಶಾಲೆಗೆ ಬಂದು ಮಕ್ಕಳನ್ನು ತಪಾಸಣೆ ಮಾಡುತ್ತದೆ. ಖಾಸಗಿ ಶಾಲೆಗಳೂ ವರ್ಷಕ್ಕೆರಡು ಬಾರಿ ಎತ್ತರ, ತೂಕ ಬರೆದಿಟ್ಟುಕೊಳ್ಳುವುದು ದೊಡ್ಡ ಕೆಲಸವಲ್ಲ. ವಿಜಯಪುರ, ತಿಕೋಟಾ, ಬಬಲೇಶ್ವರದ ಮುಖ್ಯ ಗುರುಗಳಲ್ಲಿ ಒಂದೇ ಬೇಡಿಕೆ: ಶಾಲೆಯ ಗೋಡೆಗೆ ಸೆಂಟಿಮೀಟರ್ ಪಟ್ಟಿ ಬರೆಸಿ. ಜೂನ್‌ನಲ್ಲಿ ಮತ್ತು ಡಿಸೆಂಬರ್‌ನಲ್ಲಿ ಪ್ರತಿ ಮಗುವನ್ನು ಚಪ್ಪಲಿ ಬಿಡಿಸಿ, ಹಿಮ್ಮಡಿ ಗೋಡೆಗೆ ತಾಗಿಸಿ ನಿಲ್ಲಿಸಿ ಅಳೆಯಿರಿ, ಹುಟ್ಟಿದ ದಿನಾಂಕದ ಪಕ್ಕದಲ್ಲೇ ಎತ್ತರ-ತೂಕ ಎರಡನ್ನೂ ಬರೆಯಿರಿ. ಪಾಲಕರ ಸಭೆಯಲ್ಲಿ ಅಂಕಪಟ್ಟಿಯ ಜೊತೆ ಆ ಚೀಟಿಯನ್ನೂ ಕೊಡಿ. ಪಾಲಕರೇ, ಚೀಟಿ ಸಿಗದಿದ್ದರೆ ಕೇಳಿ ಪಡೆಯಿರಿ.